ಕಂದು ಕಾಗದದ ಕೆಳಗಿನ ಸಾಲುಗಳು

ಕಳೆದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಅಳುವುದಕ್ಕೆ ಬಂದಿದ್ದಾಳೆ ಎಂದುಕೊಂಡು ಅಲ್ಲಿದ್ದವರು ನನಗೆ ಮುಂದೆ ಜಾಗ ಮಾಡಿಕೊಟ್ಟರು. ಸುಳ್ಳೇಕೆ ಹೇಳಲಿ, ನಾನು ಹೋಗಿದ್ದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಪೆಟ್ಟಿಗೆಯ ಒಳಗೆ ಬಗ್ಗಿ ನೋಡಿದೆ. ಪಿಟೀಲು ಒತ್ತಿ ಒತ್ತಿ ಕಪ್ಪುಗಟ್ಟಿದ ಗುರುತು ಎಡದವಡೆಯ ಕೆಳಗೆ ಹಾಗೇ ಇತ್ತು. ಸಂಶಯವಿಲ್ಲ, ಅವರೇ. ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು, ಆಟೋ ಹತ್ತಿ ದೊಮ್ಮಲೂರಿನ ಮನೆಗೆ ಬಂದು ಕಾಫಿ ಮಾಡಿಕೊಂಡು ಕುಡಿದೆ.

ಮನುಷ್ಯ ಹೋದ ಮೇಲೆ ಸಿಟ್ಟೂ ಹೋಗುತ್ತದೆ ಎಂದು ಅನೇಕರು ನನಗೆ ಧೈರ್ಯ ಹೇಳಿದ್ದರು. ನನ್ನದು ಹೋಗಿಲ್ಲ. ಹೋಗಲಿ ಎಂಬ ಆಸೆಯೂ ನನಗಿಲ್ಲ.

ಅವರು ಪಿಟೀಲು ಮೇಷ್ಟ್ರು. ಕೂತು ನುಡಿಸುವ ನಮ್ಮ ಪಿಟೀಲಲ್ಲ, ನಿಂತು ನುಡಿಸುವ ಪಾಶ್ಚಾತ್ಯ ಪದ್ಧತಿಯದು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಗುಂಡಿ ಮತ್ತು ಜರಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಪಾಠ. ಕೆಳಗಿನ ಅಂಗಡಿಗಳಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಕೇಳಿ ತಂದು ಗದ್ದದ ಕೆಳಗೆ ಪಿಟೀಲಿಗೆ ಒತ್ತುಕೊಡುತ್ತಿದ್ದರು. ಆ ತುಂಡಿನ ಬಣ್ಣಕ್ಕೂ ಆ ದಿನದ ಟೈ ಬಣ್ಣಕ್ಕೂ ಹೊಂದಿಕೆಯಾಗಲೇಬೇಕು. ಹೊಂದದಿದ್ದರೆ ಮಕ್ಕಳನ್ನು ಕಾಯಿಸಿ ಕೆಳಗಿಳಿದು ಬೇರೆ ತುಂಡು ತರುವರು. ಆಟೋದವರ ಜೊತೆ ತಮಿಳು, ಮಕ್ಕಳ ತಾಯಂದಿರ ಜೊತೆ ಇಂಗ್ಲಿಷು, ನನ್ನ ಜೊತೆ ಕನ್ನಡ. ಪಾಠ ಮುಗಿದ ಮೇಲೆ ಪಿಟೀಲಿನ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡೇ ರಸೆಲ್ ಮಾರುಕಟ್ಟೆಗೆ ನಡೆದು, ಮಾಂಸದ ಅಂಗಡಿಯವನ ಜೊತೆ ದಖನಿ ಉರ್ದುವಿನಲ್ಲಿ ಜಗಳಕ್ಕೆ ನಿಲ್ಲುವರು: "ಕ್ಯಾ ಭಾಯ್, ಹಡ್ಡಿಚ್ ಹಡ್ಡಿ ದೇ ರಹೆ!" ಬರೀ ಮೂಳೆ ಕೊಡುತ್ತೀಯಲ್ಲ ಎಂದು. ಅವನು ನಕ್ಕು ಇನ್ನೊಂದು ತುಂಡು ಹಾಕುತ್ತಿದ್ದ. ಎಲ್ಲರೂ ಅವರಿಗೆ ಇನ್ನೊಂದು ತುಂಡು ಹಾಕುತ್ತಿದ್ದರು. ಅಂಥ ನಗು ಅವರದು.

ನಾನು ಪಿಯಾನೋ ನುಡಿಸುವವಳು. ಹಗಲು ವಿಮಾ ಕಚೇರಿಯ ಕೆಲಸ, ಸಂಜೆ ಅವರ ಶಿಷ್ಯರಿಗೆ ಜೊತೆ ನುಡಿಸುವ ಕೆಲಸ. ವರ್ಷಕ್ಕೊಮ್ಮೆ ಪರದೇಶದಿಂದ ಪರೀಕ್ಷಕರು ಬರುತ್ತಾರೆ, ಪಿಟೀಲಿನ ಮಕ್ಕಳು ಒಬ್ಬೊಬ್ಬರೇ ಒಳಗೆ ಹೋಗಿ ನುಡಿಸಬೇಕು, ಅವರ ಬೆನ್ನಿಗೆ ಪಿಯಾನೋ ಇರಬೇಕು. ಕೈ ನಡುಗುವ ಮಕ್ಕಳಿಗೆ ಎಲ್ಲಿ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ನಾನು ಉಸಿರೆಳೆದುಕೊಂಡು ತಲೆ ಎತ್ತಿ ಸಣ್ಣಗೆ ಆಡಿಸುವೆ, ಮಗು ಶುರು ಮಾಡುವುದು. ಜನರಿಗೆ ಅವರು ನನ್ನನ್ನು ಪರಿಚಯಿಸುತ್ತಿದ್ದ ರೀತಿ ಒಂದೇ: "ಇವ್ರು ನಮ್ ಪಿಯಾನೋ." ಹೆಸರು ಹೇಳಿದ್ದು ನನಗೆ ನೆನಪಿಲ್ಲ. ಕಾರ್ಯಕ್ರಮಗಳಲ್ಲಿ ಅವರು ಸರಿಯಾಗಿ ನನ್ನ ಮುಂದೆ ಬಂದು ನಿಲ್ಲುವರು. ಆ ಕಾಲದ ಫೋಟೋಗಳಲ್ಲಿ ನನ್ನದೆಂದು ಹೇಳಬಹುದಾದದ್ದು ಒಂದು ಎಡ ಮೊಣಕೈ.

ಅವರ ಪಿಟೀಲು ಹೇಗಿತ್ತು ಎಂದು ಬರೆಯದಿದ್ದರೆ ನಾನು ಸುಳ್ಳಿಯಾಗುತ್ತೇನೆ. ಬಹಳ ಚೆನ್ನಾಗಿತ್ತು. ದಪ್ಪ ತಂತಿಯ ಮೇಲೆ ಅವರು ಬಿಲ್ಲು ಎಳೆದರೆ ಕೆಳಗೆ ಜರಿ ಅಳೆಯುತ್ತಿದ್ದವನು ಮೊಳ ತಪ್ಪುತ್ತಿದ್ದ. ಅಂಥ ನಾದವನ್ನು ಅಂಥ ಮನುಷ್ಯನ ಕೈಗೆ ಕೊಟ್ಟದ್ದು ಏಕೆ ಎಂದು ನಾನು ದೇವರ ಹತ್ತಿರ ಈಗಲೂ ಜಗಳವಾಡುತ್ತೇನೆ.

ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಚಿಕ್ಕ ಕತ್ತರಿ, ಒಂದು ಗೋಂದಿನ ಡಬ್ಬಿ. ಪರೀಕ್ಷೆಗೆ ಇಡುವ ಎಷ್ಟೋ ರಚನೆಗಳಲ್ಲಿ ಪಿಟೀಲು ಬರುವ ಮೊದಲು ಪಿಯಾನೋ ಒಂದೇ ಬಹಳ ಹೊತ್ತು ನುಡಿಯುತ್ತದೆ. ಪರೀಕ್ಷಕರಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಆ ಸಾಲುಗಳನ್ನು ಬಿಟ್ಟು ನುಡಿಸುವುದು ಎಲ್ಲರೂ ಒಪ್ಪಿದ ಪದ್ಧತಿ. ಬೇರೆ ಮೇಷ್ಟ್ರುಗಳು ಪೆನ್ಸಿಲಿನಲ್ಲಿ ಗೆರೆ ಎಳೆದು ಸುಮ್ಮನಾಗುತ್ತಾರೆ. ಇವರು ಅಂಗಡಿಯಿಂದ ಕಟ್ಟು ಕಟ್ಟುವ ಕಂದು ಕಾಗದ ತಂದು, ಅಳತೆಗೆ ಕತ್ತರಿಸಿ, ನನ್ನ ಹಾಳೆಯ ಮೇಲೆ ಅಂಟಿಸಿಬಿಡುವರು. "ಕಣ್ಣಿಗೆ ಬಿದ್ರೆ ಕೈ ಹೋಗತ್ತೆ ಕಣ್ರೀ. ಕಾಣ್ಲೇಬಾರ್ದು" ಎನ್ನುವರು. ಮಕ್ಕಳ ಪರೀಕ್ಷೆಯ ಮಟ್ಟಿಗೆ ನನಗೂ ಅದು ಸರಿಯೇ ಎನಿಸಿತ್ತು.

ಇನ್ನು ನನ್ನ ಸಿಟ್ಟಿನ ಮೂಲವಾದ ಆ ಸೊನಾಟಾ, ಹಲವು ಭಾಗಗಳ ಒಂದು ದೊಡ್ಡ ರಚನೆ. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ, ಸಂಗೀತಗಾರರೆಲ್ಲ ಎದೆ ಬಿಚ್ಚಿ ಬರೆಯುತ್ತಿದ್ದ ಕಾಲದಲ್ಲಿ, ಬರೆದದ್ದು. ಯಾರದು ಎಂದು ಹೇಳುವುದಿಲ್ಲ; ಅದು ನನ್ನದು ಎಂದೇ ನನಗೆ ಅಭ್ಯಾಸ. ಅದರಲ್ಲಿ ಪಿಯಾನೋ ಹಿಮ್ಮೇಳವಲ್ಲ. ಹಾಳೆಯ ಮೇಲೆ ಅಚ್ಚಾಗಿರುವುದೇ "ಪಿಯಾನೋ ಮತ್ತು ಪಿಟೀಲಿಗಾಗಿ" ಎಂದು. ಪಿಯಾನೋ ಮೊದಲು.

ಅದನ್ನು ನನಗೆ ಕಲಿಸಿದವರು ಸಿಸ್ಟರ್. ನಮ್ಮಪ್ಪ ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ನಾನು ದಂಡು ಪ್ರದೇಶದ ಕಾನ್ವೆಂಟಿಗೆ ಬರುತ್ತಿದ್ದೆ. ಅಲ್ಲಿ ಮಂಗಳೂರಿನ ಕಡೆಯ ಈ ಸಿಸ್ಟರ್ ನನ್ನ ಬೆರಳು ನೋಡಿ, ಸಂಜೆ ಉಳಿಸಿಕೊಂಡು ಕಲಿಸಿದರು. ಇವಳಿಗೇಕೆ ಇದೆಲ್ಲ ಎಂದು ಕೇಳಿದ ನೆರೆಯವರಿಗೆ ಅಮ್ಮ "ಅದು ದೊಡ್ಡ ಹಾರ್ಮೋನಿಯಂ ಅಷ್ಟೇ" ಎಂದು ಸಮಾಧಾನ ಹೇಳುತ್ತಿದ್ದಳು. ಪಿಟೀಲು ನುಡಿಸುವವರು ಯಾರೂ ಇಲ್ಲದ್ದರಿಂದ ಸೊನಾಟಾದ ಪಿಟೀಲಿನ ಭಾಗವನ್ನು ಸಿಸ್ಟರ್ ಬಾಯಲ್ಲೇ ಹಾಡುವರು. ಮೊದಲ ಭಾಗದ ನಡುವೆ ಪಿಟೀಲು ಪೂರ್ತಿ ಸುಮ್ಮನಾಗಿ ಪಿಯಾನೋ ಒಂದೇ ಮಾತಾಡುವ ಒಂದು ಜಾಗವಿದೆ. ಅಲ್ಲಿ ಬಂದಾಗ ಸಿಸ್ಟರ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು "ಇದು ನಿನ್ನದು ಮಗಾ, ನಾನು ಬರುದಿಲ್ಲ" ಎಂದು ಬಾಯಿ ಮುಚ್ಚಿ ಕೂರುವರು. ಮನೆಯಲ್ಲಿ ನನ್ನದು ಎನ್ನುವ ಒಂದು ಮೂಲೆಯೂ ಇಲ್ಲದ ಹುಡುಗಿಗೆ ಆ ಸಾಲುಗಳು ಏನಾಗಿದ್ದವು ಎಂದು ಬಿಡಿಸಿ ಹೇಳಬೇಕಿಲ್ಲ. "ಒಂದು ದಿನ ನಿಂಗೆ ಒಳ್ಳೆ ಪಿಟೀಲು ಸಿಗ್ತದೆ. ಅವತ್ತು ನಾನು ಮುಂದೆ ಕೂತು ಕೇಳ್ತೇನೆ" ಎಂದಿದ್ದರು.

ಸಿಕ್ಕ ಪಿಟೀಲು ಇದು.

ಆ ಸೊನಾಟಾ ನುಡಿಸೋಣವೇ ಎಂದು ಕೇಳಿದ ತಕ್ಷಣ ಅವರು ಒಪ್ಪಿದರು. ತಿಂಗಳುಗಟ್ಟಲೆ ಭಾನುವಾರಗಳಂದು ಆ ಕೋಣೆಯಲ್ಲಿ ನಾವಿಬ್ಬರು ಅಭ್ಯಾಸ ಮಾಡಿದೆವು. ನನ್ನ ಸಾಲುಗಳು ಬಂದಾಗ ಅವರು ಪಿಟೀಲು ಕೆಳಗಿಟ್ಟು ನೀರು ಕುಡಿಯಲು ಹೋಗುವರು, ಬಾಗಿಲಲ್ಲಿ ನಿಂತು ಅಂಗಡಿಯವನನ್ನು ಮಾತಾಡಿಸುವರು. ವಿರಾಮ ತೆಗೆದುಕೊಳ್ಳುತ್ತಾರೆ ಪಾಪ ಎಂದುಕೊಂಡೆ. ಒಳಗೆ ಬಂದು "ಎಲ್ಲಿದೀವಿ?" ಎನ್ನುವರು, ನಾನು ತಲೆಯಾಡಿಸಿ ಸೇರಿಸಿಕೊಳ್ಳುವೆ. ಆ ಭಾನುವಾರಗಳಲ್ಲಿ ನಾನು ಸುಖವಾಗಿದ್ದೆ. ಅದನ್ನೂ ಅವರ ಲೆಕ್ಕಕ್ಕೇ ಬರೆದುಕೊಳ್ಳಲಿ, ನನಗೆ ಬೇಡ.

ಹಲಸೂರಿನ ಒಂದು ಚರ್ಚ್ ಹಾಲಿನಲ್ಲಿ ಕಾರ್ಯಕ್ರಮ ನಿಗದಿಯಾಯಿತು. ಆ ದಿನ ಮಧ್ಯಾಹ್ನ ಹಾಲಿಗೆ ಹೋದಾಗ ಅವರ ಕೋಣೆಯಲ್ಲೇ ಬಿಟ್ಟಿದ್ದ ನನ್ನ ಹಾಳೆ ಪಿಯಾನೋದ ಮೇಲೆ ತೆರೆದಿತ್ತು. ನನ್ನ ಆ ಸಾಲುಗಳ ಮೇಲೆ ಕಂದು ಕಾಗದ. ಗೋಂದು ಇನ್ನೂ ಒದ್ದೆಯಿತ್ತು.

"ಇದೇನಿದು?" ಎಂದೆ.

"ಅಷ್ಟುದ್ದ ನಾನು ಸುಮ್ನೆ ಲೈಟ್ ಕಂಬದ ಥರ ನಿಂತ್ಕೊಂಡಿರ್ಲಾ? ಜನ ಏನಂತಾರ್ರೀ?"

"ಇದು ಪರೀಕ್ಷೆ ಅಲ್ಲ. ಅದು ಹಾಗೇ ಬರೆದಿರೋದು."

"ಬರ್ದೋನು ಬಂದು ನಿಂತ್ಕೋತಾನಾ ಇಲ್ಲಿ? ಜನ ಪಿಟೀಲು ಕೇಳೋಕೆ ಬರ್ತಾರೆ. ಈ ಸಲ ಹಿಂಗ್ ಮಾಡಿ, ಮುಂದಿನ್ಸಲ ಪೂರ್ತಿ ನುಡ್ಸೋಣ. ನಿಮ್ಗೆ ಕಷ್ಟ ಅಂದ್ರೆ ಹೇಳ್ಬಿಡಿ, ಪ್ರೋಗ್ರಾಂ ಕ್ಯಾನ್ಸಲ್ ಮಾಡ್ಬಿಡ್ತೀನಿ."

ಅಷ್ಟು ಹೊತ್ತಿಗೆ ನಿವೃತ್ತ ಸಿಸ್ಟರುಗಳ ಆಶ್ರಮದಿಂದ ನನ್ನ ಸಿಸ್ಟರ್ ಹೊರಟಾಗಿತ್ತು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿ ಚುರುಕಾಗಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ ಮೊದಲ ಸಾಲಿಗೆ ಕರೆತಂದರು. ಅವರನ್ನು ವಾಪಸು ಕಳಿಸುವುದು ನನ್ನಿಂದಾಗಲಿಲ್ಲ. ಮೇಷ್ಟ್ರು ಅಂಟಿಸಿದ ಹಾಗೇ ನುಡಿಸಿದೆ. ಆ ಜಾಗದಲ್ಲಿ ಪಿಯಾನೋ ಬಾಯಿ ತೆರೆಯುವ ಮೊದಲೇ ಪಿಟೀಲು ಬಂದು ಕೂತಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಳಗಿಳಿದು ಸಿಸ್ಟರ್ ಹತ್ತಿರ ಹೋಗಿ ಮಂಡಿಯೂರಿದೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ನಿನ್ನ ಜಾಗ ಮರ್ತುಹೋಯ್ತಾ ಮಗಾ? ಹೆದರಿದೆಯಾ?"

ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ನನ್ನ ಭುಜದ ಮೇಲೆ ಕೈ ಬಿತ್ತು. ಹೂವಿನ ಹಾರ ಹಾಕಿಕೊಂಡು ಅವರು ನಿಂತಿದ್ದರು. "ಪರ್ವಾಗಿಲ್ಲ ಬಿಡಿ ಸಿಸ್ಟರ್. ಸ್ಟೇಜ್ ಮೇಲೆ ಆಗತ್ತೆ ಹಂಗೆಲ್ಲ. ನಾನ್ ಹಿಡ್ಕೊಂಬಿಟ್ಟೆ" ಎಂದರು.

ನೀವು ಇನ್ನೊಮ್ಮೆ ಓದಿಕೊಳ್ಳಿ. ಅವರು ನಕ್ಕು ಹೇಳಿದ ಮಾತು ಅದು. ತಾವೇ ಕತ್ತರಿಸಿ, ನಾನು ಮರೆತೆ ಎಂದು ಒಪ್ಪಿಸಿ, ನನ್ನನ್ನು ಕಾಪಾಡಿದ ಪುಣ್ಯವನ್ನೂ ಬಾಚಿಕೊಂಡರು. ಸಿಸ್ಟರ್ ಅವರ ಕಡೆಗೆ ಕೈ ಮುಗಿದರು.

ಮುಂದಿನ ಭಾನುವಾರವೇ ಆಶ್ರಮಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ತಲೆ ಸವರಿ, "ಆಯ್ತು ಮಗಾ. ಮರೆಯುವುದು ಎಲ್ಲರಿಗೂ ಉಂಟು. ಅದನ್ನು ಅವರ ಮೇಲೆ ಹಾಕ್ಬಾರ್ದು. ಒಳ್ಳೆ ಮನುಷ್ಯ, ನಿನ್ನನ್ನು ಬಿಟ್ಟುಕೊಡಲಿಲ್ಲ" ಎಂದರು. ಅಲ್ಲಿ ಪಿಯಾನೋ ಇದ್ದಿದ್ದರೆ ಕೂತು ನುಡಿಸಿ ತೋರಿಸುತ್ತಿದ್ದೆ. ಪ್ರಾರ್ಥನೆಗೆಂದು ಹರಿದ ತಿದಿಯ ಒಂದು ಹಾರ್ಮೋನಿಯಂ ಇತ್ತು. ಇನ್ನೊಂದು ದಿನ ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬಂದೆ. ಆ ದಿನ ಬರುವ ಮೊದಲೇ ಸಿಸ್ಟರ್ ಹೋದರು. ನಾನು ಹೆದರಿ ಮರೆತವಳು, ಮರೆತದ್ದಲ್ಲದೆ ಉಪಕಾರ ಮಾಡಿದವರ ಮೇಲೆ ತಪ್ಪು ಹೊರಿಸಿದವಳು ಎಂದು ನಂಬಿಕೊಂಡೇ ಹೋದರು.

ಅಲ್ಲಿಂದ ನಾನು ಮೇಷ್ಟ್ರ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲೇ ಪಾಠ ಶುರು ಮಾಡಿದೆ. ಮಗುವನ್ನು ಅವರ ಹತ್ತಿರ ಸೇರಿಸಬಹುದೇ ಎಂದು ತಂದೆತಾಯಿಯರು ವಿಚಾರಿಸಿದರೆ, "ನುಡಿಸೋದು ಚೆನ್ನಾಗಿ ಹೇಳಿಕೊಡ್ತಾರೆ, ಸುಮ್ಮನಿರೋ ಹೊತ್ತು ಎಣಿಸೋದು ಹೇಳಿಕೊಡಲ್ಲ" ಎನ್ನುವೆ. ರಸೆಲ್ ಮಾರುಕಟ್ಟೆಯಲ್ಲಿ ಎದುರಾದರೆ ಅವರು ಕೈ ಬೀಸುವ ಮೊದಲೇ ಬೆನ್ನು ತಿರುಗಿಸಿ ಬೇಡದ ಬದನೆಕಾಯಿ ಕೊಳ್ಳುವೆ. ಸಣ್ಣ ಸಣ್ಣ ಸೇಡುಗಳು. ಹೊಟ್ಟೆ ತುಂಬುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅವರು ಹಗಲು ಮಾಡುತ್ತಿದ್ದ ಶಾಲೆಯ ಸಂಗೀತ ಮೇಷ್ಟ್ರ ಕೆಲಸದಿಂದ ನಿವೃತ್ತರಾದರು. ಶಿಷ್ಯರು ಸೇರಿ ಸನ್ಮಾನ ಇಟ್ಟುಕೊಂಡರು. ಒಂದು ಬೆಳಿಗ್ಗೆ ಫೋನು: "ಏನ್ರೀ, ಕಾಣ್ಸೋದೇ ಇಲ್ವಲ್ಲ! ನಮ್ ಸೊನಾಟಾ ಇನ್ನೊಂದ್ಸಲ ನುಡ್ಸೋಣ್ವಾ? ಅವತ್ತು ಏನ್ ಹೆಸ್ರು ಬಂತು!" ಆದದ್ದೇನೂ ಅವರ ತಲೆಯಲ್ಲಿರಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಹಾಡಿಕೊಂಡೆ.

ಹಳೆಯ ಹಾಳೆಯನ್ನೇ ತೆಗೆದುಕೊಂಡು ಹೋದೆ. ಕಂದು ಕಾಗದವನ್ನು ನಾನು ಹಿಂದೆಯೇ ಒದ್ದೆ ಬಟ್ಟೆಯಿಂದ ಎಬ್ಬಿಸಿ ಎಸೆದಿದ್ದೆ. ಅದರ ಜೊತೆ ಅರ್ಧ ಶಾಯಿಯೂ ಕಿತ್ತು ಬಂದಿತ್ತು. "ಅಯ್ಯೋ, ಉದುರೋಗಿದ್ಯಲ್ಲ" ಎಂದು ಅವರು ಜೇಬಿನಿಂದ ಕತ್ತರಿ ತೆಗೆದು ಹೊಸದನ್ನು ಅಂಟಿಸಿದರು. ಹಾಳೆ ಜಾರದಂತೆ ನಾನೇ ಹಿಡಿದುಕೊಂಡೆ. ಕಾಗದದ ಕೆಳಗೆ ಏನಿದೆ ಎಂದು ನೋಡಲು ನನಗೆ ಕಣ್ಣು ಬೇಕಿರಲಿಲ್ಲ.

ನನ್ನ ಯೋಜನೆ ಸರಳವಾಗಿತ್ತು. ಆ ಜಾಗ ಬಂದಾಗ ನಾನು ಪೂರ್ತಿ ನುಡಿಸುತ್ತೇನೆ. ಅವರು ಕಾಗದದ ಲೆಕ್ಕದಲ್ಲಿ ನಡುವೆ ಬಂದು ಬೀಳುತ್ತಾರೆ. ಶಿಷ್ಯರ ಮುಂದೆ, ಹಾರ ಶಾಲುಗಳ ನಡುವೆ, ಮೇಷ್ಟ್ರು ದಾರಿ ತಪ್ಪಿದ್ದು ಹಾಲಿಗೆಲ್ಲ ಕೇಳಬೇಕು. ಎಲ್ಲಿ ಸೇರಬೇಕೆಂದು ಅವರಿಗೆ ಗೊತ್ತಾಗಬಾರದು, ಏಕೆಂದರೆ ಆ ಸಾಲುಗಳನ್ನು ಅವರು ಒಂದು ದಿನವೂ ನಿಂತು ಕೇಳಿದವರಲ್ಲ.

ಆ ಜಾಗ ಬಂತು. ನುಡಿಸಿದೆ. ಕಣ್ಣಂಚಿನಲ್ಲಿ ಅವರ ಬಿಲ್ಲು ಮೇಲೆದ್ದದ್ದು ಕಂಡಿತು. ಎದ್ದ ಬಿಲ್ಲು ಗಾಳಿಯಲ್ಲೇ ನಿಂತಿತು. ಅವರ ಮುಖ ಒಂದು ಕ್ಷಣ ಪರೀಕ್ಷೆಯ ಕೋಣೆಯ ಮಗುವಿನದರಂತೆ ಆಯಿತು. ಆ ಕ್ಷಣವನ್ನು ನಾನು ಈಗಲೂ ಬೇಕೆಂದಾಗ ತೆಗೆದು ನೋಡಿಕೊಳ್ಳುತ್ತೇನೆ. ಆದರೆ ವೇದಿಕೆಯಲ್ಲಿ ಪಳಗಿದ ಮನುಷ್ಯ ಅದು. ಮೆಲ್ಲಗೆ ಪಿಟೀಲು ಇಳಿಸಿ ಕಂಕುಳಲ್ಲಿಟ್ಟುಕೊಂಡರು, ಕಣ್ಣು ಮುಚ್ಚಿದರು, ನನ್ನ ಕಡೆ ತಿರುಗಿ ತಲೆ ಬಾಗಿಸಿ ನಿಂತುಬಿಟ್ಟರು. ನನ್ನ ಸಾಲುಗಳು ಮುಗಿಯುತ್ತಾ ಬಂದಾಗ ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಎಲ್ಲಿ ಬರಬೇಕು ಎಂದು ಕೇಳುವ ನೋಟ. ನಾನು ಕಲ್ಲಾಗಿ ಕೂರಬೇಕಿತ್ತು. ಆದರೆ ವರ್ಷಾನುಗಟ್ಟಲೆ ಅವರ ಶಿಷ್ಯರಿಗೇ ಪಳಗಿದ ಈ ದರಿದ್ರ ಕುತ್ತಿಗೆ ನನ್ನನ್ನು ಕೇಳದೆ ಸಣ್ಣಗೆ ಆಡಿತು. ಅವರು ಸರಿಯಾಗಿ ಬಂದು ಸೇರಿದರು. ಎಷ್ಟು ಚೆನ್ನಾಗಿ ಸೇರಿದರೆಂದರೆ ನನಗೇ ಮೈ ಜುಮ್ಮೆಂದಿತು. ಆ ಸಿಟ್ಟು ಬೇರೆ.

ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ಎಂಥ ದೊಡ್ಡ ಮನಸ್ಸು! ತಮ್ಮ ಸನ್ಮಾನದ ದಿನ ತಾವು ಸುಮ್ಮನೆ ನಿಂತು ಪಿಯಾನೋದವರಿಗೆ ಅವಕಾಶ ಕೊಟ್ಟರಲ್ಲ! ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ತಂದ ಕತ್ತಿಯನ್ನೂ ಅವರು ಸನ್ಮಾನದ ತಟ್ಟೆಯಲ್ಲಿ ಸೇರಿಸಿಕೊಂಡರು.

ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಅವರು ಬೆವರು ಒರೆಸಿಕೊಳ್ಳುತ್ತಾ, "ಚೆನ್ನಾಗಿದೆ ಕಣ್ರೀ ಆ ಪಾರ್ಟು. ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು.

"ನಾನು ಮರೆತಿರಲಿಲ್ಲ ಅಂತ ಸಿಸ್ಟರ್‌ಗೆ ನೀವು ಹೇಳಬೇಕಿತ್ತು" ಎಂದೆ.

ಅವರು ನಿಜವಾಗಿ ಯೋಚಿಸಿದರು. ಹುಬ್ಬು ಗಂಟಿಕ್ಕಿ, ತಲೆ ಕೆರೆದುಕೊಂಡು ಯೋಚಿಸಿದರು. "ಯಾವ ಸಿಸ್ಟರ್?" ಎಂದರು.

ಸುಳ್ಳು ಹೇಳಿದ್ದರೆ, ವಾದ ಮಾಡಿದ್ದರೆ, ಇನ್ನೊಮ್ಮೆ ನಕ್ಕಿದ್ದರೂ ನಾನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ನನ್ನ ಬದುಕಿನಲ್ಲಿ ನನ್ನನ್ನು ಪೂರ್ತಿ ಕೇಳಿಸಿಕೊಂಡಿದ್ದ ಒಬ್ಬರೇ ಒಬ್ಬರ ಮುಂದೆ ನನ್ನ ಹೆಸರು ಕೆಡಿಸಿದವರಿಗೆ ಅದು ನೆನಪೂ ಇರಲಿಲ್ಲ.

ಮೇಷ್ಟ್ರು ತೀರಿಕೊಂಡ ಎರಡನೇ ವಾರ ಸ್ಟೆಲ್ಲಾ ಮನೆಗೆ ಬಂದಳು. ಅವರ ಕೊನೆಯ ದಿನಗಳ ಶಿಷ್ಯೆ, ಹಲಸೂರಿನವಳು, ಒಳ್ಳೆಯ ಕೈ. ಮೇಷ್ಟ್ರ ನೆನಪಿನಲ್ಲಿ ಒಂದು ಕಾರ್ಯಕ್ರಮ, ಒಂದು ಚಿಕ್ಕ ಪುಸ್ತಕ. "ಮಿಸ್, ನೀವು ಬರ್ದು ಕೊಡ್ಲೇಬೇಕು. ಆ ಸನ್ಮಾನದ ದಿನ ಸರ್ ನಿಮಗೋಸ್ಕರ ನಿಂತ್ಕೊಂಡ್ರಲ್ಲ, ಅದನ್ನೇ ಬರೀರಿ. ಆಮೇಲೆ ಅದೇ ಸೊನಾಟಾ ನಾವಿಬ್ರೂ ನುಡ್ಸೋಣ. ನೀವಿಲ್ದೆ ಆಗಲ್ಲ ಮಿಸ್, ಬೇರೆ ಯಾರಿಗೂ ಬರಲ್ಲ ಅದು."

ಬರೆಯುತ್ತೇನೆ ಎಂದೆ. ಬರೆದೆ. ಇಲ್ಲಿಯವರೆಗಿನದನ್ನು ಮೊನ್ನೆ ಅವಳ ಕೈಗೆ ಕೊಟ್ಟು ಎದುರಿಗೆ ಕೂತೆ. ಓದುತ್ತಾ ಓದುತ್ತಾ ಅವಳ ಮುಖ ಇಳಿಯಿತು. ಮುಗಿಸಿ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಇದು ಸರ್ ಫೋಟೋ ಪಕ್ಕದಲ್ಲೇ ಬರತ್ತೆ ಮಿಸ್."

"ಬರ್ಲಿ."

"ಸರ್ ಮನೆಯವ್ರು, ಆಂಟಿ, ಓದ್ತಾರೆ. ಬೇಜಾರಾಗಲ್ವಾ?"

"ಆಗ್ಲಿ."

"ಸಿಸ್ಟರ್ ವಿಷ್ಯ ಒಂದು ತೆಗೆದ್ಬಿಟ್ರೆ... ಅದೊಂದ್ ಪೇಜಷ್ಟೇ. ಉಳಿದಿದ್ದೆಲ್ಲ ಪರ್ವಾಗಿಲ್ಲ, ತಮಾಷೆಯಾಗೇ ಇದೆ."

"ಒಂದು ಸಾಲು ತೆಗೆದ್ರೂ ನಾನು ನುಡ್ಸಲ್ಲ" ಎಂದೆ.

ಅವಳಿಗೆ ನಾನು ಹೇಳಿದ್ದು ಅರ್ಥವಾಯಿತು. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಅವಳು ಆ ಹಾಳೆಗಳನ್ನು ಎರಡಾಗಿ ಮಡಿಸಲು ಹೋಗಿ, ಬೇಡವೆಂದು ಹಾಗೆಯೇ ಚೀಲದೊಳಗೆ ನೇರವಾಗಿ ಇಟ್ಟುಕೊಂಡಳು. ನಂತರ ಎದ್ದು ಪಿಟೀಲು ತೆಗೆದು ಶ್ರುತಿ ಮಾಡಿಕೊಂಡಳು. ಅವಳು ತಂದಿದ್ದ ಹಾಳೆ ಮೇಷ್ಟ್ರ ಹಾಳೆಯ ನಕಲು. ನನ್ನ ಸಾಲುಗಳಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಪಿಟೀಲು ನೇರವಾಗಿ ಮುಂದಕ್ಕೆ ಹೋಗುತ್ತಿತ್ತು.

"ಎಲ್ಲಿಂದ ಶುರು ಮಾಡೋಣ ಮಿಸ್?"

"ನೀನು ಸುಮ್ಮನಿರೋ ಕಡೆಯಿಂದ."

ಅವಳು ಪಿಟೀಲು ಇಳಿಸಿ ನಿಂತಳು. ನಾನು ನುಡಿಸಿದೆ.